ಹರಿಶ್ಚಂದ್ರ ಸುಂಕ ಕೇಳಿದ್ದು ಸರೀನಾ?

ಕೋಡಂಬಾಕ್ಕಂ ಸ್ಟೇಷನ್ನಿನಲ್ಲಿ ಇಳಿದು ಆಫೀಸಿಗೆ ಓಡುವ ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ಒಂದು ಕಾಲಕ್ಕೆ ಕನ್ನಡ ಸಿನಿಮಾಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಈ ಕಡೆಯ ಸ್ಟುಡಿಯೋಗಳಲ್ಲೇ. ಆ ಮದರಾಸು ಕಾಲದ್ದೇ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965).

ಸ್ಮಶಾನದ ಕಥೆ ನೆನಪಿದೆಯಲ್ಲ? ಸತ್ತಿರೋದು ಸ್ವಂತ ಮಗ, ಎದುರಿಗಿರೋದು ಹೆಂಡತಿ. ಸುಂಕ ಮಾತ್ರ ಒಡೆಯ ವೀರಬಾಹುವಿನದು. ಹರಿಶ್ಚಂದ್ರ ಕೇಳಿಯೇ ಕೇಳುತ್ತಾನೆ. ಸರೀನಾ? ಕರ್ತವ್ಯ ಅಂದರೆ ಕರ್ತವ್ಯ ಅಂತ ಕಾಂಟ್ ಅವನ ಪರ ನಿಲ್ಲಬಹುದು. ಇದರಿಂದ ಯಾರಿಗೆ ಒಳಿತಾಯ್ತು ಅಂತ ಮಿಲ್ ಲೆಕ್ಕ ಕೇಳುತ್ತಾನೆ. ಅರಿಸ್ಟಾಟಲ್ ನೋಡೋದು ಮನುಷ್ಯನ ಗುಣ. ಈ ಜಗಳಕ್ಕೇ ಪ್ರಮಾಣಾತ್ಮಕ ನೀತಿಶಾಸ್ತ್ರ ಅಂತ ಹೆಸರು. ಗೆಳೆಯನ ಕೋಡಿನಲ್ಲಿ ತಪ್ಪು ಕಂಡೂ ರಿವ್ಯೂನಲ್ಲಿ ಬಿಟ್ಟುಬಿಡಬಹುದಾ ಅನ್ನೋದು ಅನ್ವಯಿಕ ನೀತಿಶಾಸ್ತ್ರ.

ಇವೆರಡಕ್ಕೂ ಹಿಂದೆ ಇನ್ನೊಂದು ಪ್ರಶ್ನೆಯಿದೆ: ‘ಸರಿ’ ಅನ್ನೋ ಮಾತಿನ ಅರ್ಥವೇನು? ಇಂಥ ಮಾತು ಯಾವ ಸಂಗತಿಯನ್ನೂ ಹೇಳೋದಿಲ್ಲ, ಭಾವನೆಯನ್ನು ಹೊರಹಾಕುತ್ತೆ ಅಷ್ಟೇ ಎಂದು 1936ರಲ್ಲಿ ಎ. ಜೆ. ಏಯರ್ ವಾದಿಸಿದ. ನನಗಂತೂ ಒಪ್ಪಿಗೆಯಿಲ್ಲ. ಬರೀ ಭಾವನೆಯಾಗಿದ್ದರೆ ಮಗನ ಹೆಣದ ಮುಂದೆ ‘ಸುಂಕ ಬೇಡ’ ಅನ್ನೋದೇ ಅವನಿಗೆ ಸರಿ ಅನ್ನಿಸಬೇಕಿತ್ತು. ಕರುಳು ಕಿತ್ತು ಬರ್ತಾ ಇದ್ದರೂ ಕೇಳಿದನಲ್ಲ, ಅದಕ್ಕೆ ಏಯರ್ ಏನಂತಾನೋ.