ಕೋಡಿಗೆ ಅಂಕ ಹಾಕಿದವರು

ಥಾಮಸ್ ಮೆಕೇಬ್ ಕೈಗೆ ಒಮ್ಮೆ ಒಂದು ಟೇಪ್ ಬಂತು. ಅದರಲ್ಲಿದ್ದದ್ದು ದೊಡ್ಡದೊಂದು ಗ್ರಾಫಿಕ್ಸ್ ವ್ಯವಸ್ಥೆಗೆ ಸೇರಿದ 24 ಫೋರ್ಟ್ರಾನ್ ಸಬ್‌ರೂಟೀನ್‌ಗಳು. ಮೆಕೇಬ್ ಆಗ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿದ್ದರು. ಪ್ರೋಗ್ರಾಮಿನೊಳಗಿನ ಕವಲುಗಳನ್ನು ಎಣಿಸಿ ಅಂಕ ಕೊಡುವ 'ಫ್ಲೋ' ಎಂಬ ಸಲಕರಣೆಯನ್ನು ಪಿಡಿಪಿ-10 ಕಂಪ್ಯೂಟರಿನಲ್ಲಿ ಓಡಿಸುತ್ತಿದ್ದರು. ಟೇಪನ್ನು ಅದಕ್ಕೆ ಹಾಕಿ ನೋಡಿದರೆ ಅಂಕಗಳು 16, 24, 41, 56, 64 ಎಂದು ಏರುತ್ತಲೇ ಹೋದವು. ಗಾಬರಿಯಿಂದ ಆ ವ್ಯವಸ್ಥೆಯ ತಂಡದವರನ್ನು ವಿಚಾರಿಸಿದಾಗ ವಿಷಯ ಹೊರಬಿತ್ತು: ಸದಾ ಕಾಟ ಕೊಡುತ್ತಿದ್ದ ಸಬ್‌ರೂಟೀನ್‌ಗಳನ್ನೇ ಹುಡುಕಿ ಅವರು ಕಳಿಸಿದ್ದರು. ಯಾವುದು ಎಷ್ಟು ನಂಬಿಕೆಗೆ ಅರ್ಹ ಎಂದು ತಂಡ ತನ್ನ ಅನುಭವದಿಂದ ಮಾಡಿದ್ದ ಪಟ್ಟಿಗೂ ಮೆಕೇಬ್ ಅಂಕಗಳ ಪಟ್ಟಿಗೂ ಹತ್ತಿರದ ಹೊಂದಾಣಿಕೆ ಇತ್ತು.

ಈ ಪ್ರಸಂಗವನ್ನು ಅವರು 1976ರ ಡಿಸೆಂಬರಿನಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲೇ ದಾಖಲಿಸಿದ್ದಾರೆ. ಅಲ್ಲಿಯವರೆಗೆ ಪ್ರೋಗ್ರಾಮಿನ ಕಷ್ಟವನ್ನು ಅದರ ಉದ್ದದಿಂದ ಅಳೆಯುವುದು ವಾಡಿಕೆಯಾಗಿತ್ತು. ಮಾಡ್ಯೂಲ್ ಒಂದೆರಡು ಪುಟ ಮೀರದಿದ್ದರೆ ಸಾಕು ಎನ್ನುತ್ತಿದ್ದರು. ಮೆಕೇಬ್ ಇದಕ್ಕೆ ಒಡ್ಡಿದ ಉದಾಹರಣೆ ಸರಳ. ಐವತ್ತೇ ಸಾಲಿನ ಪ್ರೋಗ್ರಾಮಿನಲ್ಲಿ ಒಂದಾದ ಮೇಲೊಂದು 25 'ಇಫ್' ಷರತ್ತುಗಳಿದ್ದರೆ, ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹೋಗಲು ಸುಮಾರು 3 ಕೋಟಿ 35 ಲಕ್ಷ ಬೇರೆ ಬೇರೆ ದಾರಿಗಳಾಗಬಹುದು. ಅಷ್ಟನ್ನು ಯಾರು ಪರೀಕ್ಷಿಸುತ್ತಾರೆ? ಆದ್ದರಿಂದ ಅವರು ಸ್ವತಂತ್ರ ದಾರಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಷರತ್ತುಗಳೆಷ್ಟು ಎಂದು ಎಣಿಸಿ ಒಂದು ಕೂಡಿಸಿದರೆ ಅಂಕ ಸಿಗುತ್ತದೆ. ಈ ಪ್ರೋಗ್ರಾಮಿಗೆ 26. ಹತ್ತು ದಾಟಿದರೆ ಒಡೆದು ಬರೆಯಿರಿ ಎಂದು ಸಲಹೆ ಕೊಟ್ಟರೂ, ಹತ್ತರಲ್ಲಿ ಮಾಂತ್ರಿಕತೆ ಏನೂ ಇಲ್ಲವೆಂದು ಅವರೇ ಎಚ್ಚರಿಸಿದ್ದರು.

ಇಂಥ ಅಳತೆಗೋಲಿಗಾಗಿ ಇಡೀ ವೃತ್ತಿ ಕಾಯುತ್ತಿತ್ತು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೊ ಕರೆದ ಸಮ್ಮೇಳನದಲ್ಲಿ ತಂತ್ರಜ್ಞರು ಸಾಫ್ಟ್‌ವೇರ್ ಕೈಮೀರುತ್ತಿದೆ ಎಂದು ತೆರೆದ ಮನಸ್ಸಿನಿಂದ ಚರ್ಚಿಸಿದ್ದರು. ಐಬಿಎಂನ ಆಪರೇಟಿಂಗ್ ಸಿಸ್ಟಂ ಓಎಸ್/360 ಆವೃತ್ತಿಯಿಂದ ಆವೃತ್ತಿಗೆ ಹೇಗೆ ಬೆಳೆಯಿತೆಂದು ಮೆಯಿರ್ ಲೇಮನ್ ಮತ್ತು ಲಾಸ್ಲೊ ಬೆಲಾಡಿ ಅಧ್ಯಯನ ಮಾಡಿದರು. ಬಳಕೆಯಲ್ಲಿರುವ ಪ್ರೋಗ್ರಾಮ್ ಬದಲಾಗುತ್ತಲೇ ಇರಬೇಕು, ಬದಲಾದಷ್ಟೂ ಗೋಜಲಾಗುತ್ತದೆ, ಆ ಗೋಜಲನ್ನು ಬಿಡಿಸಲು ಬೇರೆಯೇ ಶ್ರಮ ಹಾಕಬೇಕು ಎಂಬುದು ಅವರು ಕಂಡುಕೊಂಡ ನಿಯಮ. 1980ರಲ್ಲಿ ಲೀಂಟ್ಸ್ ಮತ್ತು ಸ್ವಾನ್ಸನ್ ಪ್ರಕಟಿಸಿದ 487 ಸಂಸ್ಥೆಗಳ ಸಮೀಕ್ಷೆ ಇದಕ್ಕೆ ಲೆಕ್ಕ ಒದಗಿಸಿತು. ಸಿಬ್ಬಂದಿಯ ಸುಮಾರು ಅರ್ಧದಷ್ಟು ಸಮಯ ಹಳೆಯ ಕೋಡಿನ ಮೇಂಟೆನೆನ್ಸ್‌ಗೆ ಹೋಗುತ್ತಿತ್ತು. ಅದರಲ್ಲಿ ಬಗ್ ತಿದ್ದುವ ಪಾಲು ಐದನೇ ಒಂದರಷ್ಟು ಮಾತ್ರ. ಅತಿ ದೊಡ್ಡ ಪಾಲು ಬಳಸುವವರ ಹೊಸ ಬೇಡಿಕೆಗಳನ್ನು ಪೂರೈಸುವುದಾಗಿತ್ತು. ಮೇಂಟೆನೆನ್ಸ್ ಎಂದರೆ ರಿಪೇರಿ ಎಂಬ ಕಲ್ಪನೆ ಅಲ್ಲಿಗೇ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ. ಹೊಸ ಪ್ರಾಜೆಕ್ಟಿಗೆ ಸಿಗುವ ಮರ್ಯಾದೆ ಈ ಕೆಲಸಕ್ಕೆ ಇವತ್ತಿಗೂ ಸಿಗುವುದಿಲ್ಲ, ಇದು ನಿಜಕ್ಕೂ ಅನ್ಯಾಯ.

ಮೆಕೇಬ್ ಅವರದು ಒಂದೇ ಗುಣದ ಅಳತೆ. ಪರ್ಡ್ಯೂ ವಿಶ್ವವಿದ್ಯಾಲಯದ ಮಾರಿಸ್ ಹಾಲ್‌ಸ್ಟೆಡ್ 1977ರಲ್ಲಿ ಮತ್ತೊಂದನ್ನು ಸೇರಿಸಿದರು: ಕೋಡಿನಲ್ಲಿರುವ ಚಿಹ್ನೆಗಳನ್ನೂ ಹೆಸರುಗಳನ್ನೂ ಎಣಿಸಿ ಅದರ 'ಗಾತ್ರ' ಕಟ್ಟುವ ಸೂತ್ರ. ಎಲ್ಲವನ್ನೂ ಒಂದೇ ಅಂಕಕ್ಕೆ ಇಳಿಸುವ ಆಸೆ ಹುಟ್ಟಲು ಇನ್ನೇನು ಬೇಕು? 1992ರಲ್ಲಿ ಐಡಾಹೊ ವಿಶ್ವವಿದ್ಯಾಲಯದ ಪಾಲ್ ಓಮನ್ ಮತ್ತು ಜ್ಯಾಕ್ ಹಾಗೆಮೈಸ್ಟರ್ 'ಮೇಂಟೇನೆಬಿಲಿಟಿ ಇಂಡೆಕ್ಸ್' ಮುಂದಿಟ್ಟರು. ಅದನ್ನು ರೂಪಿಸಿದ ಬಗೆ ಪ್ರಾಮಾಣಿಕವಾಗಿತ್ತು. ಹ್ಯೂಲೆಟ್-ಪ್ಯಾಕರ್ಡ್ ಎಂಜಿನಿಯರುಗಳಿಂದ ಅವರಿಗೆ ಪರಿಚಯವಿದ್ದ ವ್ಯವಸ್ಥೆಗಳ ಬಗ್ಗೆ ಅಭಿಪ್ರಾಯ ಪಡೆದು, ಆ ಅಭಿಪ್ರಾಯಕ್ಕೆ ಹೊಂದುವ ಸಮೀಕರಣವನ್ನು ಹುಡುಕಿದರು. 171ರಿಂದ ಶುರುವಾಗಿ ಹಾಲ್‌ಸ್ಟೆಡ್ ಗಾತ್ರ, ಮೆಕೇಬ್ ಅಂಕ, ಸಾಲುಗಳ ಸಂಖ್ಯೆಗೆ ತಕ್ಕಂತೆ ಕಳೆಯುತ್ತಾ ಹೋಗಿ, ಕಮೆಂಟುಗಳ ಪ್ರಮಾಣಕ್ಕೆ ಸ್ವಲ್ಪ ಕೂಡಿಸುವ ಸೂತ್ರ ಅದು. 85 ಮೀರಿದರೆ ಸುಲಭ, 65ಕ್ಕಿಂತ ಕೆಳಗಿದ್ದರೆ ಕಷ್ಟ ಎಂದು ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಗಡಿ ಹಾಕಿದರು.

ಒಂದು ಕಂಪನಿಯ ಕೆಲವು ವ್ಯವಸ್ಥೆಗಳಿಗೆ ಹೊಂದಿಸಿದ ಆ ಸೂತ್ರ ಆಮೇಲೆ ಜಗತ್ತಿನದಾಯಿತು. ಮೈಕ್ರೋಸಾಫ್ಟ್ ಅದನ್ನು ವಿಷುಯಲ್ ಸ್ಟುಡಿಯೊ 2008ಕ್ಕೆ ತಂದಾಗ ಕಮೆಂಟಿನ ಭಾಗವನ್ನು ಬಿಟ್ಟು, ಅಂಕವನ್ನು 0ರಿಂದ 100ರೊಳಗೆ ಕೂರಿಸಿ, 20 ದಾಟಿದ್ದಕ್ಕೆಲ್ಲ ಹಸಿರು ಬಣ್ಣ ಕೊಟ್ಟಿತು. ಮೆಕೇಬ್ ಅಂಕ ಹೆಚ್ಚಿದ್ದರೆ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ: ಷರತ್ತುಗಳನ್ನು ಹುಡುಕಬೇಕು. ಇಂಡೆಕ್ಸ್ ಕುಸಿದರೆ ಏನು ಮಾಡಬೇಕು? ಆ ಒಂದು ಅಂಕದಿಂದ ತಿಳಿಯುವುದಿಲ್ಲ. ಮೊದಲನೆಯದು ಇಷ್ಟು ಕಾಲ ಬಾಳಿರುವುದಕ್ಕೆ ಇದೇ ಕಾರಣವಿರಬೇಕು.

ಬೆಂಗಳೂರಿಗೆ ಹಳೆಯ ಕೋಡು ಹೊರೆಹೊರೆಯಾಗಿ ಬಂದದ್ದು 1990ರ ದಶಕದ ಉತ್ತರಾರ್ಧದಲ್ಲಿ, ವೈಟುಕೆ ಅಂದರೆ 2000ನೇ ಇಸವಿಯ ಸಮಸ್ಯೆಯ ಹೆಸರಿನಲ್ಲಿ. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ವರ್ಷಕ್ಕೆ ಎರಡೇ ಅಂಕಿ ಬಳಸಿ ಬರೆದ ಕೋಬಾಲ್ ಪ್ರೋಗ್ರಾಮುಗಳನ್ನು, ಬರೆದವರ ಮುಖವನ್ನೂ ಕಾಣದ ಇಲ್ಲಿನ ಯುವಕ ಯುವತಿಯರು ಸಾಲುಸಾಲಾಗಿ ಓದಿ ತಿದ್ದಿದರು. ಅವರು ನೋಡಬೇಕಿದ್ದ ಜಾಗಗಳಲ್ಲಿ ಅಧಿಕ ವರ್ಷದ ಲೆಕ್ಕವೂ ಒಂದು. ವರ್ಷ 4ರಿಂದ ಭಾಗವಾದರೆ ಅಧಿಕ ವರ್ಷ ಎಂದಷ್ಟೇ ಬರೆದ ಕೋಡಿಗೆ ಮೆಕೇಬ್ ಅಂಕ 2. 100ರಿಂದ ಭಾಗವಾದರೆ ಅಲ್ಲ ಎಂಬ ಷರತ್ತು ಸೇರಿದರೆ 3. 400ರಿಂದ ಭಾಗವಾದರೆ ಮತ್ತೆ ಹೌದು ಎಂಬುದೂ ಸೇರಿದರೆ 4. 2000ದ ಫೆಬ್ರವರಿಗೆ 29 ದಿನ. ಏನೂ ತಿಳಿಯದೆ ಬರೆದ ಅಂಕ 2ರ ಕೋಡು ಆ ವರ್ಷ ಸರಿ, ಅರ್ಧ ತಿಳಿದು ಬರೆದ ಅಂಕ 3ರ ಕೋಡು ತಪ್ಪು. 2100ರಲ್ಲಿ ಅಂಕ 2ರದ್ದು ಎಡವುತ್ತದೆ, ಅಂಕ 3ರದ್ದು ಪಾರಾಗುತ್ತದೆ. ಮೂರೂ ಹತ್ತರ ಗಡಿಯೊಳಗೇ ಇವೆ. ಷರತ್ತು ಎಷ್ಟಿವೆ ಎಂಬುದು ಎಣಿಕೆಗೆ ಸಿಗುತ್ತದೆ, ಯಾಕಿದೆ ಎಂಬುದು ಸಿಗುವುದಿಲ್ಲ. ಮೇಂಟೆನೆನ್ಸ್‌ಗೆ ಕೂತವರಿಗೆ ಬೇಕಾದದ್ದು ಆ 'ಯಾಕೆ'.

ಎಷ್ಟೋ ಕಡೆ ವರ್ಷದ ಅಂಕಿಗಳನ್ನು ನಾಲ್ಕಕ್ಕೆ ಹಿಗ್ಗಿಸುವಷ್ಟು ಸಮಯವಿರಲಿಲ್ಲ. ಎರಡಂಕಿಯ ಸಂಖ್ಯೆ ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ 2000ದ ನಂತರದ್ದೆಂದು ತಿಳಿ ಎಂಬ ಹೊಸ ಷರತ್ತು ಹಾಕಿ ಮುಂದೆ ಸಾಗಿದರು. ಕೋಡು ಬದುಕಿತು, ಒಳಗೆ ಇನ್ನೊಂದು ಕವಲು ಬೆಳೆಯಿತು. ಲೇಮನ್ ಹೇಳಿದ್ದ ನಿಯಮ ಕಣ್ಣೆದುರೇ ನಡೆದಿತ್ತು.

ಗೋಜಲು ಬಿಡಿಸುವ ಶ್ರಮಕ್ಕೆ ಶಿಸ್ತು ಬಂದದ್ದೂ ಅದೇ ದಶಕದಲ್ಲಿ. ಪ್ರೋಗ್ರಾಮಿನ ವರ್ತನೆ ಬದಲಾಗದಂತೆ ಅದರ ಒಳರಚನೆಯನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿದ್ದುವ ರಿಫ್ಯಾಕ್ಟರಿಂಗ್ ಬಗ್ಗೆ ವಿಲಿಯಂ ಆಪ್‌ಡೈಕ್ 1992ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಪಿಎಚ್‌.ಡಿ. ಪ್ರಬಂಧ ಒಪ್ಪಿಸಿದರು. 1999ರಲ್ಲಿ ಮಾರ್ಟಿನ್ ಫೌಲರ್ ಬರೆದ ಪುಸ್ತಕ ಅದನ್ನು ಸಾಮಾನ್ಯ ಪ್ರೋಗ್ರಾಮರುಗಳಿಗೆ ಮುಟ್ಟಿಸಿತು. ಪ್ರತಿ ಹೆಜ್ಜೆಯ ನಂತರವೂ ಟೆಸ್ಟ್ ಓಡಿಸಿ ನೋಡು ಎಂಬುದು ಅದರ ಮೊದಲ ಷರತ್ತು.

ಅಳೆಯುವ ಪ್ರಯತ್ನವೂ ನಿಲ್ಲಲಿಲ್ಲ. ಒಂದರ ಪಕ್ಕ ಒಂದಿರುವ ಷರತ್ತಿಗಿಂತ ಒಂದರೊಳಗೆ ಒಂದಿರುವ ಷರತ್ತು ಓದಲು ಕಷ್ಟ ಎಂಬುದು ಪ್ರೋಗ್ರಾಮರುಗಳಿಗೆಲ್ಲ ಗೊತ್ತು. ಮೆಕೇಬ್ ಎಣಿಕೆಗೆ ಅವೆರಡೂ ಒಂದೇ. ಸೋನಾರ್‌ಸೋರ್ಸ್ ಕಂಪನಿಯ ಆನ್ ಕ್ಯಾಂಬೆಲ್ ರೂಪಿಸಿದ 'ಕಾಗ್ನಿಟಿವ್ ಕಾಂಪ್ಲೆಕ್ಸಿಟಿ' ಒಳಗಿಳಿದಷ್ಟೂ ಹೆಚ್ಚು ಅಂಕ ಹಾಕುತ್ತದೆ. 2020ರಲ್ಲಿ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂದಿನ ಪ್ರಯೋಗಗಳಿಂದ 427 ಕೋಡ್ ತುಣುಕುಗಳನ್ನೂ, ಓದಿದವರಿಂದ ದಾಖಲಾದ ಸುಮಾರು 24,000 ಅಳತೆಗಳನ್ನೂ ಕಲೆಹಾಕಿ ಅದನ್ನು ಒರೆಗೆ ಹಚ್ಚಿದರು. ಓದಲು ಹಿಡಿದ ಸಮಯಕ್ಕೂ ಓದಿದವರು ಹೇಳಿದ ಕಷ್ಟಕ್ಕೂ ಈ ಅಂಕ ತಾಳೆಯಾಯಿತು. ಆದರೆ ಓದಿದವರು ಕೋಡನ್ನು ಸರಿಯಾಗಿ ಅರ್ಥ ಮಾಡಿಕೊಂಡರೇ ಎಂಬ ವಿಷಯದಲ್ಲಿ ಫಲಿತಾಂಶ ಒಂದೇ ದಿಕ್ಕಿಗೆ ವಾಲಲಿಲ್ಲ.