ಎಳೆಗೂಸಿನ ಸೊಂಟದ ಕೀಲು: ಹಂಪೆಯ ಪರಿಸರದಲ್ಲಿ ಒಂದು ಚಾರಿತ್ರಿಕ ವಿವೇಚನೆ

ಮಗು ಹೆಜ್ಜೆಯಿಡತೊಡಗಿದಾಗ ಕುಂಟುವುದನ್ನು ಕಂಡು ಹೆತ್ತವರು ವೈದ್ಯರಲ್ಲಿಗೆ ಹೋಗುವುದು ಬಹುಕಾಲದ ವಾಡಿಕೆ. ಸೊಂಟದ ಕೀಲಿನ ದೋಷದಲ್ಲಾದರೋ, ಅಷ್ಟು ಹೊತ್ತಿಗೆ ಸುಲಭ ಚಿಕಿತ್ಸೆಯ ಕಾಲವು ಮೀರಿರುತ್ತದೆ. ತೊಡೆಯೆಲುಬಿನ ಗುಂಡುತಲೆಯು ಸೊಂಟದ ಗುಳಿಯಲ್ಲಿ ನೆಲೆನಿಲ್ಲದಿರುವುದು, ಇಲ್ಲವೆ ಗುಳಿಗೇ ಸಾಕಷ್ಟು ಆಳವಿಲ್ಲದಿರುವುದು ಈ ದೋಷದ ಸ್ವರೂಪ. ಎಳೆಗೂಸಿಗೆ ಇದರಿಂದ ನೋವಿಲ್ಲ. ಆದುದರಿಂದ ಅದು ಅತ್ತು ತಿಳಿಸುವುದೂ ಇಲ್ಲ. ಈ ದೋಷದ ಚರಿತ್ರೆಯೆಂದರೆ, ನನ್ನ ಅಭಿಪ್ರಾಯದಲ್ಲಿ, ಅದನ್ನು ಗುರುತಿಸುವ ಕಾಲವು ಮೊದಲ ಹೆಜ್ಜೆಯಿಂದ ಮೊದಲ ವಾರಕ್ಕೆ ಸರಿದು ಬಂದುದರ ಚರಿತ್ರೆ.

ಒಂದು ವರ್ಷ ತುಂಬಿದರೂ ನಡೆಯದ ಶಿಶುವನ್ನು ಕಾಶ್ಯಪಸಂಹಿತೆಯು 'ಫಕ್ಕ'ವೆಂದು ಕರೆದು, ನಡಿಗೆಯ ಅಭ್ಯಾಸಕ್ಕಾಗಿ ಮೂರು ಗಾಲಿಯ ರಥವೊಂದನ್ನು ವಿಧಿಸುತ್ತದೆ. ಫಕ್ಕವು ಬಹುಮಟ್ಟಿಗೆ ಪೋಷಣೆಯ ಕೊರತೆಯ ರೋಗ. ಅದನ್ನೇ ಸೊಂಟದ ದೋಷವೆನ್ನುವುದು ದುಡುಕಾದೀತು. ಗಮನಿಸತಕ್ಕುದು ವರ್ಷದ ಅವಧಿಯನ್ನು. ಹಂಪೆಯ ಶಿಲ್ಪಗಳ ಭಂಗಿಯನ್ನು ನೋಡಿ ರೋಗನಿರ್ಣಯ ಮಾಡುವ ಉತ್ಸಾಹವೂ ಚರಿತ್ರಕಾರನಿಗೆ ಸಲ್ಲದು. ವಿಜಯನಗರದ ಆರಂಭಕಾಲದ ಮಂಗರಾಜನು ವಿಷವೈದ್ಯಕ್ಕೆ 'ಖಗೇಂದ್ರಮಣಿದರ್ಪಣ'ವೆಂಬ ಇಡೀ ಗ್ರಂಥವನ್ನೇ ಮೀಸಲಿಟ್ಟನು. ಎಳೆಗೂಸಾದರೋ ಗ್ರಂಥಕಾರರಿಗಿಂತ ಹೆಚ್ಚಾಗಿ ಸೂಲಗಿತ್ತಿಯ ಕೈಯಲ್ಲಿತ್ತು. ಆಕೆಯ ವಿದ್ಯೆ ಓಲೆಗರಿಗೆ ಇಳಿಯಲಿಲ್ಲ.

ಸಂಡೂರು 1949ರವರೆಗೆ ಸಂಸ್ಥಾನವಾಗಿತ್ತು. ಹೊಸಪೇಟೆ, ಕಂಪ್ಲಿಗಳು 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಮೈಸೂರಿಗೆ ಸೇರಿದುವು. ಆಡಳಿತ ಯಾರದಾದರೂ ಬಾಣಂತಿಯ ಕೋಣೆಯಲ್ಲಿ ನಡೆಯುತ್ತಿದ್ದುದು ಅಜ್ಜಿಯರ ಮಾತೇ. ಅಲ್ಲಿಯ ಎರಡು ಪದ್ಧತಿಗಳು ನಮ್ಮ ವಿಷಯಕ್ಕೆ ಸಂಬಂಧಿಸಿದವು. ಒಂದು, ಎಣ್ಣೆ ಹಚ್ಚಿ ಎರೆದ ಮೇಲೆ ಕೂಸಿನ ಕಾಲುಗಳನ್ನು ನೆಟ್ಟಗೆ ಚಾಚಿಸಿ ಬಿಗಿಯಾಗಿ ಬಟ್ಟೆ ಸುತ್ತುವುದು. ಇದು ಕೀಲಿಗೆ ಹಿತವಲ್ಲ. ಜಪಾನಿನಲ್ಲಿ 1975ರ ಸುಮಾರಿಗೆ ಇಂತಹ ಪದ್ಧತಿಯನ್ನು ಬಿಡಿಸುವ ಪ್ರಚಾರ ನಡೆದ ತರುವಾಯ ಈ ದೋಷವು ಬಹಳ ಇಳಿಮುಖವಾಯಿತು. ಇನ್ನೊಂದು, ಕೂಸನ್ನು ಕಂಕುಳಲ್ಲಿ ಎತ್ತಿಕೊಳ್ಳುವುದು. ತಾಯಿಯ ಸೊಂಟವನ್ನು ಬಳಸಿ ಕೂತ ಕೂಸಿನ ತೊಡೆಗಳು ಮಡಿಚಿ ಅಗಲುತ್ತವೆ. ಗುಂಡುತಲೆಯು ಗುಳಿಯ ಆಳಕ್ಕೆ ಒತ್ತಿ ಕೂಡುತ್ತದೆ. ಹೀಗೆ ಎತ್ತಿಕೊಳ್ಳುವ ಜನಾಂಗಗಳಲ್ಲಿ ದೋಷವು ವಿರಳವಾಗಿರಲು ಇದೂ ಒಂದು ಕಾರಣವೆಂದು ವಿದ್ವಾಂಸರ ಮತ. ಕಂಪ್ಲಿಯ ಗದ್ದೆಯ ಬದುಗಳಲ್ಲಿಯೂ ಸಂಡೂರಿನ ತಾಂಡಾಗಳಲ್ಲಿಯೂ ಕಂಕುಳ ಕೂಸು ಪರಿಚಿತ ನೋಟವೇ. ಆದರೆ ಹಳೆಯದೆಲ್ಲವನ್ನೂ ಹೊಗಳುವವರು ಒಂದನ್ನು ಮರೆಯಬಾರದು: ಕೂಸು ಕಂಕುಳನ್ನೇರುವುದು ಕತ್ತು ನಿಂತ ಮೇಲೆ. ಬಟ್ಟೆ ಸುತ್ತುವುದಾದರೋ ಅದಕ್ಕೂ ಮುನ್ನ, ಕೀಲು ಅತ್ಯಂತ ಮೃದುವಾಗಿರುವ ವಾರಗಳಲ್ಲಿಯೇ.

ಆ ವಾರಗಳ ಕಡೆಗೆ ವೈದ್ಯಶಾಸ್ತ್ರವನ್ನು ತಿರುಗಿಸಿದವರಲ್ಲಿ ಇಟಲಿಯ ಫೆರಾರಾದ ಮಕ್ಕಳ ವೈದ್ಯ ಮರಿನೊ ಒರ್ತೊಲಾನಿ ಪ್ರಮುಖನು. ಕೂಸಿನ ಮೊಣಕಾಲನ್ನು ಮಡಿಸಿ ತೊಡೆಯನ್ನು ಮೆಲ್ಲಗೆ ಹೊರಕ್ಕೆ ತೆರೆದರೆ, ಜಾರಿದ ಗುಂಡುತಲೆಯು ಗುಳಿಗೆ ಮರಳುವುದು ಕೈಗೆ ತಿಳಿಯುತ್ತದೆಂದು ಆತನು 1937ರಲ್ಲಿ ವಿವರಿಸಿದನು. 1962ರಲ್ಲಿ ಇಂಗ್ಲೆಂಡಿನ ಸಾಲ್‌ಫರ್ಡ್‌ನ ಬಾರ್ಲೋ, ನೆಲೆಯಲ್ಲಿದ್ದರೂ ಜಾರಬಲ್ಲ ಕೀಲನ್ನು ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದನು. ಸುಮಾರು 60 ಶಿಶುಗಳಲ್ಲಿ ಒಂದಕ್ಕೆ ಕೀಲು ಸಡಿಲವೆಂದೂ, ಅವುಗಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮೊದಲ ವಾರದಲ್ಲಿ, 88 ಎರಡು ತಿಂಗಳಲ್ಲಿ ತಾವಾಗಿ ಗಟ್ಟಿಯಾಗುವುವೆಂದೂ ಆತನ ಲೆಕ್ಕ. ಕೂಡಲೆ ಚಿಕಿತ್ಸೆಯೋ, ಕಾದು ನೋಡುವುದೋ ಎಂಬ ವಾದವು ಹುಟ್ಟಿದುದು ಇಲ್ಲಿಂದಲೇ. ಜೆಕ್ ವೈದ್ಯ ಪಾವ್ಲಿಕನು 1940ರ ದಶಕದಲ್ಲಿ ರೂಪಿಸಿದ ಪಟ್ಟಿಗಳ ಕವಚವು ತೊಡೆಗಳನ್ನು ಮಡಿಸಿ ಅಗಲಿಸಿ ಹಿಡಿಯುತ್ತದೆ. ಕಂಕುಳ ಕೂಸಿನ ಭಂಗಿಗೆ ಅದು ಎಷ್ಟು ಹತ್ತಿರವೆಂಬುದನ್ನು ಓದುಗರೇ ನೋಡಬಹುದು. ಮೊದಲ ಆರು ತಿಂಗಳಲ್ಲಿ ಬಹುಪಾಲು ಇದೇ ಸಾಕು. ನಡೆಯುವ ವಯಸ್ಸಿಗೆ ಸಿಕ್ಕ ದೋಷಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೂ ತಿಂಗಳುಗಟ್ಟಲೆ ಪ್ಲಾಸ್ಟರೂ ಬೇಕಾಗುತ್ತವೆ. ಎಳೆಯ ಮೆಲ್ಲೆಲುಬು ಎಕ್ಸ್-ರೇಯಲ್ಲಿ ಕಾಣದು. ಆಸ್ಟ್ರಿಯದ ಗ್ರಾಫನು 1980ರಲ್ಲಿ ಪ್ರಕಟಿಸಿದ ಅಲ್ಟ್ರಾಸೌಂಡ್ ಕ್ರಮವು ಆ ಕೊರತೆಯನ್ನು ನೀಗಿತು.

ಬಳ್ಳಾರಿಯಲ್ಲಿ 1961ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿ ಈ ಸೀಮೆಗೆ ದೊಡ್ಡ ಆಸ್ಪತ್ರೆಯ ಆಸರೆ ದೊರೆಯಿತು. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನ ದೋಷಗಳ ಪಟ್ಟಿಯಲ್ಲಿ ಸೊಂಟದ ಕೀಲನ್ನೂ ಸೇರಿಸಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪೆಗಳು ಅದಕ್ಕೆ ಸೇರಿ, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಆದರೆ ನಾಲ್ಕೂ ಕಡೆ ಕೂಸಿನ ಮನೆಬಾಗಿಲಿಗೆ ಬರುವವಳು ಆಶಾ ಕಾರ್ಯಕರ್ತೆಯೇ. ಹೆರಿಗೆಯಾದ 42 ದಿನಗಳೊಳಗೆ ಆಕೆಯ ಭೇಟಿಗಳು ನಿಗದಿಯಾಗಿವೆ. ಹಿಂದೆ ಸೂಲಗಿತ್ತಿಯದಾಗಿದ್ದ ದಿನಗಳೂ ಇವೇ. ಕೀಲನ್ನು ಜಾರಿಸಿ ನೋಡುವುದು ತರಬೇತಾದ ವೈದ್ಯರ ಕೆಲಸ. ತೊಡೆ ಸರಿಯಾಗಿ ಅಗಲದಿರುವುದು, ಕಾಲುಗಳ ಉದ್ದ ಹೊಂದದಿರುವುದು, ಕೂಸು ಪೃಷ್ಠ ಮುಂದಾಗಿ ಹುಟ್ಟಿದ್ದು, ಮನೆತನದಲ್ಲಿ ಮೊದಲೇ ಈ ದೋಷವಿದ್ದುದು, ಇವನ್ನು ಆಕೆ ವಿಚಾರಿಸಿ ವೈದ್ಯರಲ್ಲಿಗೆ ಕಳುಹಿಸಬಹುದು. ಹೆಣ್ಣುಕೂಸುಗಳಲ್ಲಿ ದೋಷವು ಹೆಚ್ಚೆಂಬುದನ್ನೂ ನೆನಪಿಡಬೇಕು. ಹುಟ್ಟಿದಂದು ಸರಿಯೆಂದು ಕಂಡ ಕೀಲು ತರುವಾಯ ಸಡಿಲವಾಗಿ ತೋರುವುದುಂಟಾದ್ದರಿಂದ ಒಂದೇ ಪರೀಕ್ಷೆ ಸಾಲದು. 6, 10, 14ನೆಯ ವಾರಗಳಲ್ಲಿ ಕೂಸನ್ನು ಲಸಿಕೆಗೆ ಹೇಗೂ ಕರೆತರುತ್ತಾರೆ. ಆ ಸೂಜಿಮದ್ದನ್ನು ಹಾಕುವುದು ತೊಡೆಗೆ, ಬಟ್ಟೆಯನ್ನು ಬಿಚ್ಚಿಯೇ.