ಹತ್ತು ಟಾಸ್, ಒಂದು ಜೀನ್

ಹತ್ತು ಸಲ ಟಾಸ್ ಹಾಕಿದಾಗ ಹತ್ತು ಸಲಾನೂ ಹೆಡ್ಸೇ ಬಿದ್ರೆ ಏನಂತೀರಿ? ನಾಣ್ಯದಲ್ಲೇ ಏನೋ ಮೋಸ ಇದೆ ಅಂತೀರಿ, ಅಲ್ವಾ? ಇವತ್ತು ನಾನು ಹೇಳೋ ಇತಿಹಾಸ ಇದೇ ಅನುಮಾನದ ಮೇಲೆ ನಿಂತಿದೆ.

ಹಂಟಿಂಗ್ಟನ್ ಅನ್ನೋ ಕಾಯಿಲೆ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಶುರುವಾಗುತ್ತೆ. ಕೈಕಾಲು ಹಿಡಿತ ತಪ್ಪುತ್ತೆ, ಆಮೇಲೆ ಬುದ್ಧಿಯೂ ಕುಗ್ಗುತ್ತೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. 1968ರಲ್ಲಿ ಅಮೆರಿಕದ ನ್ಯಾನ್ಸಿ ವೆಕ್ಸ್ಲರ್ ಅವರ ತಾಯಿಗೆ ಇದೇ ಕಾಯಿಲೆ ಅಂತ ಗೊತ್ತಾಯಿತು. ಅಂದ್ರೆ, ಮಗಳ ಪಾಲಿಗೂ ಅದೇ ಟಾಸ್.

ಆಗ ಜೀನ್ ಓದುವ ಯಂತ್ರಗಳಿರಲಿಲ್ಲ. ಇದ್ದದ್ದು ಲೆಕ್ಕ. 1955ರಲ್ಲಿ ನ್ಯೂಟನ್ ಮಾರ್ಟನ್ 'ಲಾಡ್ ಸ್ಕೋರ್' ವಿಧಾನ ಕೊಟ್ಟಿದ್ದರು. ಡಿಎನ್‌ಎಯಲ್ಲಿನ ಒಂದು ಗುರುತು ಮತ್ತು ಕಾಯಿಲೆ ಹತ್ತು ಮಕ್ಕಳಲ್ಲೂ ಜೊತೆಜೊತೆಗೇ ಸಾಗಿದರೆ, ಬರೀ ಆಕಸ್ಮಿಕವಾಗಿ ಹಾಗಾಗುವ ಸಾಧ್ಯತೆ 1,024ರಲ್ಲಿ ಒಂದು. ಆಗ ಸ್ಕೋರ್ ಸುಮಾರು 3. ಅಷ್ಟು ಬಂದರೆ, ಜೀನ್ ಆ ಗುರುತಿನ ಆಸುಪಾಸಿನಲ್ಲೇ ಇದೆ ಅಂತ ಒಪ್ಪಬಹುದು.

ಆದರೆ ಇದಕ್ಕೆ ದೊಡ್ಡ ಕುಟುಂಬ ಬೇಕು. ಅದು ಸಿಕ್ಕಿದ್ದು ವೆನೆಜುವೆಲಾದ ಮರಕೈಬೊ ಸರೋವರದ ದಡದ ಬಡ ಮೀನುಗಾರರ ಹಳ್ಳಿಗಳಲ್ಲಿ. ವೆಕ್ಸ್ಲರ್ ತಂಡ ಅಲ್ಲಿಗೆ ಹೋಗಿ ವಂಶವೃಕ್ಷ ಬರೆಯಿತು, ರಕ್ತ ಸಂಗ್ರಹಿಸಿತು. ಜೇಮ್ಸ್ ಗುಸೆಲ್ಲಾ ಆ ಡಿಎನ್‌ಎಯಲ್ಲಿ ಗುರುತುಗಳನ್ನು ಹುಡುಕಿದರು. 1983ರಲ್ಲಿ ಫಲಿತಾಂಶ ಬಂತು. ಅಮೆರಿಕದ ಕುಟುಂಬದ ಸ್ಕೋರ್ 1.81, ಸಾಲದು. ವೆನೆಜುವೆಲಾದ್ದು 6.72! ಎರಡೂ ಕೂಡಿದರೆ 8.53, ಅಂದರೆ ಒಂದಕ್ಕೆ ಸುಮಾರು 34 ಕೋಟಿಯಷ್ಟು ಬಲವಾದ ಸಾಕ್ಷ್ಯ. ಜೀನ್ ಇದ್ದದ್ದು 4ನೇ ಕ್ರೋಮೋಸೋಮ್‌ನಲ್ಲಿ.

ವಿಳಾಸದ ಬೀದಿ ಸಿಕ್ಕಿತು, ಮನೆ ಸಿಗೋಕೆ ಇನ್ನೂ ಹತ್ತು ವರ್ಷ ಹಿಡಿಯಿತು. 1993ರಲ್ಲಿ ಜೀನ್ ಸಿಕ್ಕಾಗ ಕಾರಣವೂ ತಿಳಿಯಿತು: ಸಿಎಜಿ ಅನ್ನೋ ಮೂರಕ್ಷರ ಅಲ್ಲಿ ಅತಿಯಾಗಿ ಮರುಕಳಿಸುತ್ತೆ. ಪರೀಕ್ಷೆ ಮಾಡೋದು ಸುಲಭವಾಯಿತು. ಆದರೆ ಗುಣಪಡಿಸುವ ಮದ್ದು ಇವತ್ತಿಗೂ ಇಲ್ಲ.

ನನ್ನನ್ನ ಕಾಡೋದು ಇದೇ. ಮದ್ದಿಲ್ಲದ ಕಾಯಿಲೆ ಮುಂದೆ ಬರುತ್ತೆ ಅಂತ ಮೊದಲೇ ತಿಳ್ಕೊಳ್ಳೋದು ಒಳ್ಳೇದಾ? ಪರೀಕ್ಷೆ ಮಾಡಿಸ್ಕೊಂಡ್ರಾ ಅಂತ ಕೇಳಿದವರಿಗೆ ವೆಕ್ಸ್ಲರ್ ವರ್ಷಗಟ್ಟಲೆ ಉತ್ತರ ಕೊಡಲಿಲ್ಲ. 2020ರಲ್ಲಿ, ತನಗೂ ಕಾಯಿಲೆ ಬಂದಿದೆ ಅಂತ ತಾವೇ ಹೇಳಿದರು.

ಆ ಲೆಕ್ಕದ ಹಿಂದೆ ರಕ್ತ ಕೊಟ್ಟ ಮೀನುಗಾರರಿದ್ದಾರೆ. ಮದ್ದು ಬಂದ ದಿನ, ಅದು ಮೊದಲು ತಲುಪಬೇಕಾದ್ದು ಆ ದಡಕ್ಕೆ ಅಂತ ನನಗನ್ನಿಸುತ್ತೆ. ನಿಮಗೆ?